ಎದೆಯೊಳಗಿನ ತಾಳದವನು
(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಕೆಲವು ತಿಂಗಳಿಂದ ಈ ಮೇಜಿನ ಸುತ್ತ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. "ನಮ್ಮ ಅಣ್ಣನಿಗೆ ಪೇಸ್‌ಮೇಕರ್ ಹಾಕಬೇಕಂತೆ. ಹಾಕಿಸಿಕೊಂಡ ಮೇಲೆ ದುಡಿಯಬಹುದೋ, ಇಲ್ಲ ಊರಿಗೆ ಹೋಗಿ ಮೂಲೆ ಹಿಡಿಯಬೇಕೋ?" ನಮಗೆ ಪರಿಚಯದ ಗೃಹಸ್ಥರೊಬ್ಬರು ಯಂತ್ರ ಹಾಕಿಸಿಕೊಂಡ ಸಂಗತಿಯನ್ನು ಕೆಲಸ ಹೋದೀತೆಂಬ ಹೆದರಿಕೆಯಿಂದ ಎರಡು ವರ್ಷ ಮೇಲಿನವರಿಗೆ ತಿಳಿಸದೆ ಮುಚ್ಚಿಟ್ಟಿದ್ದರು. ಬಹುಪಾಲು ಜನ ದುಡಿಯಬಹುದು, ದುಡಿಯುತ್ತಲೂ ಇದ್ದಾರೆ. ಆದರೆ ಇಷ್ಟು ಹೇಳಿದರೆ ಅದು ಬರಿಯ ಸಮಾಧಾನದ ಮಾತಾಗುತ್ತದೆ. ಯಂತ್ರವನ್ನು ಹೇಗೆ ಕಟ್ಟಿದ್ದಾರೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ತಿಳಿದರೆ ಮನಸ್ಸಿಗೆ ಧೈರ್ಯ ತಾನಾಗಿ ಬರುತ್ತದೆ. ನಾವು ವೈದ್ಯರಲ್ಲ, ಓದಿ ತಿಳಿದುದನ್ನು ಹೇಳುವವರು. ಚಿಕಿತ್ಸೆಯ ಮಾತಿಗೆ ವೈದ್ಯರೇ ಪ್ರಮಾಣ.

ಗುಂಡಿಗೆ ನಾಲ್ಕು ಕೋಣೆಗಳ ಒಂದು ಪಂಪು. ಮೇಲಿನ ಬಲಗೋಣೆಯ ಮೂಲೆಯಲ್ಲಿ ಒಂದು ಸಣ್ಣ ಮಾಂಸದ ಎಸಳಿದೆ. ಅದು ನಿಮಿಷಕ್ಕೆ ಅರವತ್ತರಿಂದ ನೂರು ಸಲ ತಾನೇ ವಿದ್ಯುತ್ತಿನ ಮಿಡಿತ ಕೊಡುತ್ತದೆ. ಬಯಲಾಟ ನೋಡಿದವರಿಗೆ ಗೊತ್ತು, ಭಾಗವತರ ತಾಳ ಬೀಳದೆ ವೇಷಧಾರಿಯ ಹೆಜ್ಜೆ ಏಳುವುದಿಲ್ಲ. ಇಲ್ಲಿಯೂ ಹಾಗೆಯೇ. ಮೇಲಿನ ಕೋಣೆಗಳಲ್ಲಿ ಬಿದ್ದ ತಾಳ ನಡುವಿನ ಒಂದು ಇಕ್ಕಟ್ಟಾದ ಹಾದಿಯಿಂದ ಕೆಳಗಿನ ಕೋಣೆಗಳಿಗೆ ಇಳಿದಾಗ, ಅವು ಕುಗ್ಗಿ ರಕ್ತವನ್ನು ಮೈಗೆಲ್ಲ ತಳ್ಳುತ್ತವೆ. ವಯಸ್ಸಿನಿಂದಲೋ ರೋಗದಿಂದಲೋ ಆ ಹಾದಿ ಕಡಿದುಹೋದರೆ ಮೇಲಿನ ಸುದ್ದಿ ಕೆಳಗೆ ಮುಟ್ಟುವುದಿಲ್ಲ. ಕೆಳಗಿನವು ತಮ್ಮಷ್ಟಕ್ಕೆ ಮೂವತ್ತು ನಲವತ್ತು ಬಡಿತದಲ್ಲಿ ಕುಂಟುತ್ತವೆ, ಒಮ್ಮೊಮ್ಮೆ ಕೆಲವು ಸೆಕೆಂಡು ಸುಮ್ಮನೆ ನಿಂತೂಬಿಡುತ್ತವೆ. ತಲೆಗೆ ರಕ್ತ ಸಾಲದೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಊರ ಕಡೆ ಇದನ್ನು ಪಿತ್ತವೆಂದೋ ಮೂರ್ಛೆರೋಗವೆಂದೋ ತಿಳಿದು ಕಾಲ ಕಳೆಯುವವರು ಈಗಲೂ ಇದ್ದಾರೆ. ಡಬ್ಲಿನ್ನಿನ ಇಬ್ಬರು ವೈದ್ಯರಾದ ಆಡಮ್ಸ್ ಮತ್ತು ಸ್ಟೋಕ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ಗುರುತಿಸಿ ಬರೆದಿಟ್ಟರು. ಮದ್ದು ಮಾತ್ರ ಇರಲಿಲ್ಲ.

ನಿಂತ ಗುಂಡಿಗೆಗೆ ಹೊರಗಿನಿಂದ ವಿದ್ಯುತ್ತಿನ ತಟ್ಟು ಕೊಟ್ಟರೆ ಬಡಿಯುತ್ತದೆಂಬುದು ಕಷ್ಟದ ವಿಚಾರವಲ್ಲ. ೧೯೫೨ರಲ್ಲಿ ಬೋಸ್ಟನ್ನಿನ ಪಾಲ್ ಜೋಲ್ ಎಂಬ ವೈದ್ಯರು ಎದೆಯ ಚರ್ಮದ ಮೇಲೆ ತಗಡುಗಳನ್ನಿಟ್ಟು ತಟ್ಟುಕೊಟ್ಟು ಜೀವ ಉಳಿಸಿದರು. ಆದರೆ ಚರ್ಮ, ಮಾಂಸ, ಎಲುಬುಗಳನ್ನೆಲ್ಲ ದಾಟಿ ಹೋಗಬೇಕಾದ ವಿದ್ಯುತ್ತು ದೊಡ್ಡದಾಗಿರಬೇಕಾಯಿತು. ಪ್ರತಿ ಬಡಿತಕ್ಕೂ ರೋಗಿಗೆ ನೋವು, ಚರ್ಮಕ್ಕೆ ಸುಟ್ಟ ಗಾಯ. ಮುಂದೆ ಅಮೆರಿಕೆಯ ಮಿನಿಯಾಪೊಲಿಸ್ಸಿನಲ್ಲಿ ಲಿಲಿಹೈ ಎಂಬ ಶಸ್ತ್ರವೈದ್ಯರು ಮಕ್ಕಳ ಗುಂಡಿಗೆ ಕೊಯ್ದು ಸರಿಪಡಿಸಿದ ಮೇಲೆ ತಂತಿಯನ್ನು ಗುಂಡಿಗೆಗೇ ಹೊಲಿದು ಹೊರಗೆ ತಂದರು. ಆಗ ಬಹು ಸಣ್ಣ ತಟ್ಟೇ ಸಾಕಾಯಿತು. ಆದರೆ ಯಂತ್ರ ಗೋಡೆಯ ಪ್ಲಗ್ಗಿಗೆ ಕಟ್ಟಿಬಿದ್ದಿತ್ತು. ೧೯೫೭ರ ಅಕ್ಟೋಬರ ೩೧ರಂದು ಆ ಊರಿನಲ್ಲಿ ವಿದ್ಯುತ್ತು ಹೋಯಿತು. ಕರೆಂಟು ಹೋದರೆ ಏನಾಗುತ್ತದೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲಿಲಿಹೈ ಅವರು ಆಸ್ಪತ್ರೆಯ ಉಪಕರಣಗಳನ್ನು ದುರಸ್ತಿಮಾಡುತ್ತಿದ್ದ ಅರ್ಲ್ ಬಾಕನ್ ಎಂಬ ತರುಣನನ್ನು ಕರೆದು, ಬ್ಯಾಟರಿಯಿಂದ ನಡೆಯುವುದೊಂದು ಬೇಕೆಂದರು. ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಕಾರಖಾನೆ ಹೂಡಿದ್ದ ಬಾಕನ್, ಸಂಗೀತಾಭ್ಯಾಸಕ್ಕೆ ತಾಳ ಹಾಕುವ ಒಂದು ಯಂತ್ರದ ನಕ್ಷೆ ಹಳೆಯ ಮಾಸಪತ್ರಿಕೆಯಲ್ಲಿ ಬಂದಿದ್ದುದನ್ನು ನೆನೆದು, ಅದನ್ನೇ ತಿದ್ದಿ ನಾಲ್ಕು ವಾರಗಳಲ್ಲಿ ಅಂಗೈಯಗಲದ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟನು. ಹಳೆಯ ಮಾಸಪತ್ರಿಕೆಗಳನ್ನು ರದ್ದಿಗೆ ಹಾಕಬೇಕೆನ್ನುವ ನಮ್ಮ ಕಾರ್ಯದರ್ಶಿಗಳು ಈ ಮಾತನ್ನು ಗಮನಿಸಬೇಕಾಗಿ ವಿನಂತಿ.

ಆದರೂ ತಂತಿ ಚರ್ಮವನ್ನು ತೂರಿ ಹೊರಗಿರುವವರೆಗೆ ಆ ತೂತಿನಿಂದ ನಂಜು ಒಳಗೆ ಹೋಗುವುದು ತಪ್ಪದು. ಯಂತ್ರವೆಲ್ಲ ಒಳಗೇ ಹೋಗಬೇಕು, ಮೇಲೆ ಚರ್ಮ ಮುಚ್ಚಬೇಕು. ಇಲ್ಲಿಂದ ನಿಜವಾದ ಕಷ್ಟ ಮೊದಲಾಯಿತು.

ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬ ನಲವತ್ತಮೂರು ವರ್ಷದ ಗೃಹಸ್ಥನು ದಿನಕ್ಕೆ ಇಪ್ಪತ್ತು ಮೂವತ್ತು ಸಲ ಮೂರ್ಛೆಹೋಗುತ್ತಿದ್ದನು. ಪ್ರಾಣಿಗಳ ಮೇಲೆ ಇಂಥ ಪ್ರಯೋಗ ನಡೆದಿದೆಯೆಂದು ಕೇಳಿದ ಅವನ ಹೆಂಡತಿ ಎಲ್ಸ್-ಮಾರಿ ನೇರವಾಗಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಹಾಗೂ ಯಂತ್ರಶಿಲ್ಪಿ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನುಬಿದ್ದಳು. ಮನುಷ್ಯನಿಗೆ ಹಾಕುವಂಥದು ಇನ್ನೂ ಆಗಿಲ್ಲವೆಂದರೆ, ಹಾಗಾದರೆ ಮಾಡಿ ಎಂದಳು. ಎರಡು ಟ್ರಾನ್ಸಿಸ್ಟರು, ಒಂದು ಪುಟ್ಟ ಬ್ಯಾಟರಿ, ಇವನ್ನು ಬೂಟು ಪಾಲಿಶಿನ ಡಬ್ಬಿಯಲ್ಲಿಟ್ಟು ಮೇಲೆ ಎಪಾಕ್ಸಿ ಅಂಟನ್ನು ಹೊಯ್ದು ಎರಕ ತೆಗೆದರು. ಬ್ಯಾಟರಿಯನ್ನು ಚರ್ಮದ ಮೇಲಿಟ್ಟ ಸುರುಳಿಯೊಂದರಿಂದ ಹೊರಗಿನಿಂದಲೇ ತುಂಬಿಸಬಹುದಾಗಿತ್ತು. ೧೯೫೮ರ ಅಕ್ಟೋಬರ ೮ರಂದು ಸ್ಟಾಕ್‌ಹೋಮಿನ ಹತ್ತಿರದ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಅದು ಲಾರ್ಸನ್ನನ ಒಡಲು ಸೇರಿತು. ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಮತ್ತೊಂದನ್ನು ಹಾಕಿದರು, ಅದೂ ಹೆಚ್ಚು ಕಾಲ ಬಾಳಲಿಲ್ಲ. ಹೀಗೆ ಒಂದರ ಮೇಲೊಂದು, ಆಯುಷ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿ ಆತ ಬದುಕಿದ್ದು ೨೦೦೧ರ ಡಿಸೆಂಬರಿನವರೆಗೆ, ೮೬ ವರ್ಷ. ಎಲ್ಮ್‌ಕ್ವಿಸ್ಟ್ ೧೯೯೬ರಲ್ಲಿ, ಸೆನ್ನಿಂಗ್ ೨೦೦೦ದಲ್ಲಿ ತೀರಿಕೊಂಡರು. ತನ್ನನ್ನು ಬದುಕಿಸಿದ ಇಬ್ಬರ ನಂತರವೂ ರೋಗಿ ಬದುಕಿದ್ದನು, ಕೊನೆಗೆ ಹೋದದ್ದೂ ಗುಂಡಿಗೆಯಿಂದಲ್ಲ, ಚರ್ಮದ ಕ್ಯಾನ್ಸರಿನಿಂದ. ಈ ಕಥೆಯಲ್ಲಿ ಎಲ್ಸ್-ಮಾರಿಯ ಹೆಸರನ್ನು ಮೊದಲು ಹೇಳಬೇಕೆಂದು ನಮಗೆ ತೋರುತ್ತದೆ.

ಅದೇ ಕಾಲಕ್ಕೆ ಅಮೆರಿಕೆಯ ಬಫೆಲೋ ನಗರದಲ್ಲಿ ವಿಲ್ಸನ್ ಗ್ರೇಟ್‌ಬ್ಯಾಚ್ ಎಂಬ ಇಂಜಿನಿಯರು ಗುಂಡಿಗೆಯ ಸದ್ದನ್ನು ದಾಖಲಿಸುವ ಒಂದು ಉಪಕರಣ ಕಟ್ಟುತ್ತಿದ್ದನು. ಕೈತಪ್ಪಿ ಬೇರೆ ಬೆಲೆಯ ರೆಸಿಸ್ಟರ್ ಹಾಕಿದ. ಯಂತ್ರ ಕ್ಷಣಮಾತ್ರ ಮಿಡಿದು ಒಂದು ಸೆಕೆಂಡು ಸುಮ್ಮನಾಗುವುದು, ಮತ್ತೆ ಮಿಡಿಯುವುದು. ನಮ್ಮಂಥವರಾದರೆ ತಲೆ ಚಚ್ಚಿಕೊಂಡು ಬಿಚ್ಚಿಹಾಕುತ್ತಿದ್ದೆವು. ಅವನಿಗೆ ಮಾತ್ರ ಇದು ಗುಂಡಿಗೆಯ ನಡೆಯೆಂದು ಹೊಳೆಯಿತು. ಸ್ವಂತ ಉಳಿತಾಯದ ಎರಡು ಸಾವಿರ ಡಾಲರು ಹಿಡಿದು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಐವತ್ತು ಯಂತ್ರ ಮಾಡಿದನು. ೧೯೫೮ರ ಮೇ ೭ರಂದು ಚಾರ್ಡ್ಯಾಕ್, ಗೇಜ್ ಎಂಬ ವೈದ್ಯರೊಡನೆ ನಾಯಿಯೊಂದರ ಗುಂಡಿಗೆಯನ್ನು ಅದರಿಂದ ನಡೆಯಿಸಿದರು. ಟೇಪು ಸುತ್ತಿದ್ದ ಆ ಯಂತ್ರ ನಾಲ್ಕು ಗಂಟೆಯೊಳಗೆ ನೀರು ಹೊಕ್ಕು ಕೆಟ್ಟಿತು. ೧೯೬೦ರಲ್ಲಿ ಮನುಷ್ಯರಿಗೆ ಹಾಕಲು ತೊಡಗಿದರು.

ಕೆಡುತ್ತಿದ್ದುದು ಏಕೆ? ಮಿಡಿತ ಕೊಡುವ ಸರ್ಕಿಟ್ಟು ಮಕ್ಕಳಾಟ. ನಮ್ಮ ಲ್ಯಾಮಿಂಗ್ಟನ್ ರಸ್ತೆಯಲ್ಲಿ ರೇಡಿಯೋ ದುರಸ್ತಿ ಕಲಿತ ಹುಡುಗ ಒಂದು ಮಧ್ಯಾಹ್ನದಲ್ಲಿ ಕಟ್ಟಿಯಾನು. ಕಷ್ಟವಿರುವುದು ಅದರ ಸುತ್ತ. ದೇಹದ ಒಳಗು ಬೆಚ್ಚಗಿನ ಉಪ್ಪುನೀರು. ಮುಂಬಯಿಯ ಮಳೆಗಾಲದಲ್ಲಿ ಬೀಗ ಹಾಕಿದ ಟ್ರಂಕಿನ ಒಳಗೂ ಬಟ್ಟೆಗೆ ಬೂಷ್ಟು ಹಿಡಿಯುವುದನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಸೈಕಲ್ಲಿನ ಟ್ಯೂಬು ತೂತಾಗದಿದ್ದರೂ ತಿಂಗಳಲ್ಲಿ ಗಾಳಿ ಇಳಿಯುತ್ತದಷ್ಟೆ? ರಬ್ಬರಾಗಲಿ ಪ್ಲಾಸ್ಟಿಕ್ಕಾಗಲಿ ಎಪಾಕ್ಸಿಯಾಗಲಿ ಎಷ್ಟು ಗಟ್ಟಿ ಕಂಡರೂ ಆವಿಯನ್ನು ಮೆಲ್ಲಗೆ ಬಿಟ್ಟುಕೊಡುತ್ತವೆ. ಆವಿಯನ್ನು ನಿಜವಾಗಿ ತಡೆಯುವುದು ಲೋಹ, ಗಾಜು, ಪಿಂಗಾಣಿ. ಹಾಗಾದರೆ ಲೋಹದ ಡಬ್ಬಿಯಲ್ಲಿಟ್ಟು ಬೆಸುಗೆ ಹಾಕಬಾರದೇಕೆ? ಆಗಿನ ಬ್ಯಾಟರಿ ಪಾದರಸ ಮತ್ತು ಸತುವಿನದು, ನಡೆಯುತ್ತ ನಡೆಯುತ್ತ ಅನಿಲ ಬಿಡುವಂಥದು. ಬಿಗಿಯಾಗಿ ಬೆಸೆದ ಡಬ್ಬಿ ಉಬ್ಬಿಹೋಗುತ್ತದೆ. ಎಪಾಕ್ಸಿಯಾದರೆ ಅನಿಲವನ್ನು ಹೊರಗೆ ಬಿಡುತ್ತದೆ, ಆದರೆ ನೀರನ್ನು ಒಳಗೂ ಬಿಡುತ್ತದೆ. ಬ್ಯಾಟರಿಯ ದೆಸೆಯಿಂದ ಡಬ್ಬಿ ಕೆಟ್ಟಿತು, ಡಬ್ಬಿಯ ದೆಸೆಯಿಂದ ಯಂತ್ರ ಕೆಟ್ಟಿತು. ಎರಡು ವರ್ಷಕ್ಕೊಮ್ಮೆ ರೋಗಿಯನ್ನು ಮತ್ತೆ ಕೊಯ್ಯುವುದು ಸಾಮಾನ್ಯವಾಗಿತ್ತು. ಬ್ಯಾಟರಿಯ ಬಾಳು ಸಾಲದೆಂದು ೧೯೭೦ರಲ್ಲಿ ಪ್ಯಾರಿಸ್ಸಿನಲ್ಲಿ ಪ್ಲುಟೋನಿಯಮ್ಮಿನ ಶಾಖದಿಂದ ನಡೆಯುವ ಯಂತ್ರವನ್ನೇ ಒಬ್ಬ ರೋಗಿಗೆ ಹಾಕಿನೋಡಿದರೆಂದರೆ ಪೇಚಾಟದ ಅಳತೆ ತಿಳಿದೀತು.

ಗಂಟು ಬಿಚ್ಚಿದ್ದು ಲಿಥಿಯಮ್-ಅಯೋಡಿನ್ ಬ್ಯಾಟರಿ. ಗ್ರೇಟ್‌ಬ್ಯಾಚನೇ ಇದನ್ನು ಈ ಕೆಲಸಕ್ಕೆ ಹದಗೊಳಿಸಿದನು, ೧೯೭೨ರಲ್ಲಿ ಮೊದಲ ಸಲ ಮನುಷ್ಯನ ಒಡಲಿಗೆ ಬಂತು. ಇದರಲ್ಲಿ ದ್ರವವಿಲ್ಲ, ಅನಿಲ ಹುಟ್ಟುವುದಿಲ್ಲ. ಆದುದರಿಂದ ಟೈಟಾನಿಯಮ್ ಡಬ್ಬಿಯಲ್ಲಿಟ್ಟು ಸುತ್ತಲೂ ಬೆಸುಗೆ ಹಾಕಿ ಮುಚ್ಚಬಹುದಾಯಿತು. ತಂತಿ ಹೊರಗೆ ಬರುವ ಕಡೆ ಮಾತ್ರ ಪಿಂಗಾಣಿಯ ಅಥವಾ ಗಾಜಿನ ಬಿರಡೆ. ಇನ್ನೊಂದು ಗುಣವೂ ಇದಕ್ಕುಂಟು. ಹಳೆಯ ಪಾದರಸದ ಬ್ಯಾಟರಿ ಹೇಳದೆ ಕೇಳದೆ ಕೈಬಿಡುವುದು. ಇದು ಸಾಯುವ ಎಷ್ಟೋ ತಿಂಗಳ ಮೊದಲೇ ನಿಧಾನವಾಗಿ ಇಳಿಯುತ್ತ ಸೂಚನೆ ಕೊಡುತ್ತದೆ. ತಪಾಸಣೆಗೆ ಬನ್ನಿರೆಂದು ವೈದ್ಯರು ದಿನ ಗೊತ್ತುಮಾಡುವುದು ಈ ಸೂಚನೆಯನ್ನು ಓದುವುದಕ್ಕೂ ಹೌದು. ಅರ್ಧ ದಿನದ ಸಂಬಳ ಹೋದೀತೆಂದು ತಪ್ಪಿಸಬಾರದು.

ಗುಮಾಸ್ತ ಬಂಧುಗಳಿಗಾಗಿ ಸ್ವಲ್ಪ ಲೆಕ್ಕ. ನಿಮಿಷಕ್ಕೆ ೭೨ರಂತೆ ಗುಂಡಿಗೆ ದಿನಕ್ಕೆ ೧,೦೩,೬೮೦ ಸಲ ಬಡಿಯುತ್ತದೆ. ಯಂತ್ರ ಎರಡೂವರೆ ವೋಲ್ಟಿನ ತಟ್ಟನ್ನು ಸೆಕೆಂಡಿನ ಹತ್ತುಸಾವಿರದಲ್ಲಿ ನಾಲ್ಕು ಭಾಗದಷ್ಟು ಹೊತ್ತು ಕೊಡುತ್ತದೆಂದೂ, ದಾರಿಯ ತಡೆ ೫೦೦ ಓಮ್ ಎಂದೂ ಇಟ್ಟುಕೊಳ್ಳೋಣ. ಒಂದು ತಟ್ಟಿಗೆ ಬೀಳುವ ಖರ್ಚು ಒಂದು ಜೂಲಿನ ಹತ್ತು ಲಕ್ಷದಲ್ಲಿ ಐದು ಪಾಲು. ದಿನದ ಎಲ್ಲ ತಟ್ಟುಗಳೂ ಸೇರಿ ಅರ್ಧ ಜೂಲು, ಎಂದರೆ ಐವತ್ತು ಗ್ರಾಂ ತೂಕವನ್ನು ನೆಲದಿಂದ ಒಂದು ಮೀಟರು ಎತ್ತುವಷ್ಟು ಶ್ರಮ! ಸರ್ಕಿಟ್ಟಿನ ಮನೆಖರ್ಚು ಇದಕ್ಕಿಂತ ಹೆಚ್ಚು. ಎಲ್ಲ ಸೇರಿ ಹತ್ತು ಮೈಕ್ರೊಆಂಪಿಯರು ಎಳೆದರೆ, ಒಂದು ಆಂಪಿಯರ್-ಗಂಟೆಯ ಬ್ಯಾಟರಿ ಒಂದು ಲಕ್ಷ ಗಂಟೆ, ಹನ್ನೊಂದು ವರ್ಷಕ್ಕೂ ಮೇಲ್ಪಟ್ಟು, ಬಾಳಬೇಕು. ಅದೇ ಬ್ಯಾಟರಿಯಿಂದ ಹತ್ತು ವ್ಯಾಟಿನ ದೀಪ ಉರಿಸಿದರೆ ಹದಿನೇಳು ನಿಮಿಷಕ್ಕೆ ಬರಿದು. ವೋಲ್ಟನ್ನು ಅರ್ಧಕ್ಕಿಳಿಸಿದರೆ ತಟ್ಟಿನ ಖರ್ಚು ಕಾಲುಭಾಗಕ್ಕೆ ಇಳಿಯುತ್ತದೆ. ಗುಂಡಿಗೆ ಒಪ್ಪುವ ಕನಿಷ್ಠ ವೋಲ್ಟನ್ನು ವೈದ್ಯರು ಹುಡುಕಿ, ಅಪಾಯವಾಗದಂತೆ ಅದಕ್ಕಿಂತ ತುಸು ಮೇಲೆ ಇಡುವುದು ಇದಕ್ಕಾಗಿಯೇ.

ಜಮಾ-ಖರ್ಚಿನ ಮತ್ತೊಂದು ನಿಯಮವೂ ಒಳಗೆ ನಡೆಯುತ್ತದೆ. ವಿದ್ಯುತ್ತನ್ನು ಒಂದೇ ಕಡೆಗೆ ಹರಿಸುತ್ತ ಹೋದರೆ ಉಪ್ಪುನೀರಿನಲ್ಲಿ ಲೋಹ ಕರಗುತ್ತದೆ, ಮಾಂಸ ಸುಡುತ್ತದೆ. ಆದುದರಿಂದ ಪ್ರತಿ ತಟ್ಟಿನ ಬೆನ್ನಿಗೆ ಕೊಟ್ಟಷ್ಟೇ ವಿದ್ಯುದಂಶವನ್ನು ಮೆಲ್ಲಗೆ ವಾಪಸು ಪಡೆಯಬೇಕು. ಲಕ್ಷ ಸಲದ ವಹಿವಾಟಿನಲ್ಲಿ ಪ್ರತಿ ಸಲವೂ ಬಾಕಿ ಸೊನ್ನೆಯಾಗಬೇಕು. ನಮ್ಮ ಕಚೇರಿಗಳ ಖಾತೆಪುಸ್ತಕಗಳಲ್ಲಿ ಇಷ್ಟು ಶಿಸ್ತು ಕಂಡದ್ದಿಲ್ಲ.

ಇನ್ನು ತಂತಿ. ಕಾರಖಾನೆಯಲ್ಲಿ ದುಡಿಯುವವರು ಬಲ್ಲರು, ಕಬ್ಬಿಣದ ತಂತಿಯನ್ನು ಆಚೆ ಈಚೆ ನಾಲ್ಕಾರು ಸಲ ಮಡಿಸಿದರೆ ಮುರಿಯುತ್ತದೆ. ಗುಂಡಿಗೆಯೊಳಗಿನ ತಂತಿ ವರ್ಷಕ್ಕೆ ಮೂರು ಕೋಟಿ ಎಪ್ಪತ್ತೆಂಟು ಲಕ್ಷ ಸಲ ಬಾಗಬೇಕು. ಮೊದಮೊದಲು ಮುರಿದವು ಎಷ್ಟೋ. ನೇರ ತಂತಿಯನ್ನು ಬಿಟ್ಟು ಸ್ಪ್ರಿಂಗಿನಂತೆ ಸುರುಳಿ ಸುತ್ತಿ, ಬಳಲದ ನಿಕ್ಕಲ್-ಕೋಬಾಲ್ಟ್ ಮಿಶ್ರಲೋಹದಲ್ಲಿ ಹಲವು ಎಳೆ ಕೂಡಿಸಿ, ಮೇಲೆ ಸಿಲಿಕೋನ್ ರಬ್ಬರು ಹೊದೆಸಿದರು. ಸುರುಳಿಯಾದರೆ ಬಾಗುವಿಕೆ ಉದ್ದಕ್ಕೂ ಹಂಚಿಹೋಗಿ ಒಂದೇ ಜಾಗಕ್ಕೆ ಪೆಟ್ಟು ಬೀಳುವುದಿಲ್ಲ. ಹೆಗಲೆಲುಬಿನ ಕೆಳಗಿನ ರಕ್ತನಾಳದಿಂದ ಇದನ್ನು ತೂರಿಸಿ ಗುಂಡಿಗೆಯ ಬಲಗೋಣೆಗೆ ಮುಟ್ಟಿಸುತ್ತಾರೆ. ಡಬ್ಬಿ ಅಲ್ಲೇ ಚರ್ಮದ ಕೆಳಗೆ ಕೂರುತ್ತದೆ. ಎದೆ ಸೀಳುವುದಿಲ್ಲ, ಸಾಮಾನ್ಯವಾಗಿ ಆ ಜಾಗವಷ್ಟೇ ಮರಗಟ್ಟಿಸಿ ಮಾಡುತ್ತಾರೆ. ಇಷ್ಟಾದರೂ ಈ ಯಂತ್ರದಲ್ಲಿ ತೊಂದರೆ ಕೊಡುವ ಅಂಗ ಹೆಚ್ಚಾಗಿ ತಂತಿಯೇ. ೨೦೧೬ರಲ್ಲಿ ಅಮೆರಿಕೆಯ ಸರಕಾರ ಒಪ್ಪಿಗೆ ಕೊಟ್ಟ ಒಂದು ಯಂತ್ರಕ್ಕೆ ತಂತಿಯೇ ಇಲ್ಲ. ಎರಡು ಗ್ರಾಮಿನ ಗುಳಿಗೆಯಂಥದನ್ನು ತೊಡೆಯ ಸಂದಿನ ರಕ್ತನಾಳದಿಂದ ಒಯ್ದು ಗುಂಡಿಗೆಯೊಳಗೇ ಕೂರಿಸುತ್ತಾರೆ. ಎಲ್ಲ ರೋಗಿಗಳಿಗೂ ಅದು ಹೊಂದುವುದಿಲ್ಲ.

ಮೊದಲಿನ ಯಂತ್ರಗಳು ಕುರುಡು ತಾಳ ಹಾಕುತ್ತಿದ್ದವು. ಗುಂಡಿಗೆ ತಾನೇ ಬಡಿದ ಗಳಿಗೆಯಲ್ಲಿ ಇವೂ ತಟ್ಟಿದರೆ ಅಪಾಯಕ್ಕೆ ದಾರಿ. ೧೯೬೦ರ ದಶಕದ ನಡುವಿನಿಂದ ಯಂತ್ರ ಮೊದಲು ಕಿವಿಗೊಟ್ಟು, ಬಡಿತ ಬಂದರೆ ಸುಮ್ಮನಿದ್ದು, ಬಾರದಿದ್ದರಷ್ಟೇ ತಟ್ಟುವುದನ್ನು ಕಲಿತಿತು. ೧೯೮೦ರ ದಶಕದಲ್ಲಿ ಮೈಯ ಅಲುಗಾಟವನ್ನು ಅರಿತು ವೇಗ ಹೆಚ್ಚಿಸುವವು ಬಂದವು. ದಾದರಿನ ಸೇತುವೆ ಹತ್ತುವಾಗ ೧೦೦, ಮಲಗಿದಾಗ ೬೦. ಕೂತು ಬರೆಯುವವನಿಗಿಂತ ಮೆಟ್ಟಿಲು ಹತ್ತಿ ಸಾಮಾನು ಸಾಗಿಸುವವನಿಗೆ ಇದರಿಂದ ಹೆಚ್ಚಿನ ಉಪಕಾರ.

ಇದೇ ಬಗೆಯ ಡಬ್ಬಿ-ತಂತಿಗಳು ಈಗ ಕಿವುಡು ಮಕ್ಕಳ ಕಿವಿಯ ನರಕ್ಕೆ, ಕೈನಡುಕದವರ ಮೆದುಳಿಗೆ, ಮೂತ್ರದ ಹಿಡಿತ ತಪ್ಪಿದವರ ಬೆನ್ನಿನ ನರಕ್ಕೆ ಕೆಲಸಮಾಡುತ್ತಿವೆ. ಅದು ಬೇರೊಂದು ರವಿವಾರದ ಮಾತು.

ಮೊದಲಿನ ಪ್ರಶ್ನೆಗೆ ಬರೋಣ. ಹಾಕಿಸಿಕೊಂಡ ಮೇಲೆ ಕೆಲವು ವಾರ ಆ ಕಡೆಯ ಕೈಯನ್ನು ಹೆಗಲಿಗಿಂತ ಮೇಲೆತ್ತಬಾರದು, ಭಾರ ಹೊರಬಾರದು. ತಂತಿಯ ತುದಿ ಮಾಂಸದಲ್ಲಿ ನೆಲೆಯೂರಲು ಅಷ್ಟು ಕಾಲ ಬೇಕು. ಹೋಟೆಲಿನಲ್ಲಿ ಹಂಡೆ ಎತ್ತುವವರು, ಗೋಣಿ ಹೊರುವವರು ಈ ರಜೆಯನ್ನು ಜಗಳವಾಡಿಯಾದರೂ ಪಡೆಯಬೇಕು. ಆಮೇಲೆ ಲೇಖನಿಯ ಕೆಲಸ, ಕೌಂಟರಿನ ಕೆಲಸ, ಲೇಥಿನ ಕೆಲಸ ಇವಕ್ಕೆ ಸಾಧಾರಣವಾಗಿ ಅಡ್ಡಿಯಿಲ್ಲ. ವಿದ್ಯುತ್ತಿನ ಬೆಸುಗೆಯವರು ಮಾತ್ರ ಕೆಲಸಕ್ಕೆ ಮರಳುವ ಮುನ್ನ ತಮ್ಮ ಉದ್ಯೋಗವೇನೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಲೇಬೇಕು. ಬೆಸುಗೆಯ ಪ್ರಬಲ ವಿದ್ಯುತ್ತನ್ನು ಯಂತ್ರ ಗುಂಡಿಗೆಯ ಬಡಿತವೆಂದು ತಪ್ಪುತಿಳಿದು ಸುಮ್ಮನಾಗಬಹುದು. ಮೊಬೈಲನ್ನು ಎದೆಯ ಜೇಬಿನಲ್ಲಿಡದೆ ಒಂದು ಗೇಣು ದೂರ ಹಿಡಿದರೆ ಸಾಕು. ನಿಲ್ದಾಣದ ಲೋಹಶೋಧಕ ಬಾಗಿಲಲ್ಲಿ ನಿಲ್ಲದೆ ನಡೆದುಹೋಗಬಹುದು. ಎಮ್‌ಆರ್‌ಐ ಪರೀಕ್ಷೆಗೆ ಒಳಹೋಗುವ ಮುನ್ನ ಯಂತ್ರದ ಕಾರ್ಡು ತೋರಿಸಬೇಕು. ಹೊಸವು ಕೆಲವು ತಡೆಯುತ್ತವೆ, ಹಳೆಯವು ತಡೆಯವು. ಆ ಕಾರ್ಡು ಟ್ರಂಕಿನಲ್ಲಲ್ಲ, ರೈಲ್ವೆ ಪಾಸಿನ ಜೊತೆಗಿರಬೇಕು.

ಹಣದ ಮಾತು. ೨೦೧೭ರಲ್ಲಿ ಸರಕಾರ ಬೆಲೆ ಕಟ್ಟಿತೆಂದು ಎಲ್ಲರೂ ಕೇಳಿದ್ದು ಸ್ಟೆಂಟಿನ ವಿಷಯ. ಅದು ಮುಚ್ಚಿದ ರಕ್ತನಾಳವನ್ನು ತೆರೆದಿಡುವ ಬಲೆಯ ಕೊಳವೆ, ಇದಲ್ಲ. ಇಎಸ್‌ಐ ಚೀಟಿಯವರು, ಆಯುಷ್ಮಾನ್ ಭಾರತದ ಕಾರ್ಡಿನವರು ಸಾಲಕ್ಕೆ ಕೈಚಾಚುವ ಮೊದಲು ಅವನ್ನು ವಿಚಾರಿಸಬೇಕು. ಆಯುಷ್ಮಾನ್ ಯೋಜನೆಯಲ್ಲಿ ಒಂದು ರಾಜ್ಯದ ಕಾರ್ಡು ಇನ್ನೊಂದು ರಾಜ್ಯದ ಪಟ್ಟಿಯ ಆಸ್ಪತ್ರೆಯಲ್ಲಿ ನಡೆಯುವ ಅವಕಾಶವುಂಟು. ಊರಿನ ಕಾರ್ಡೆಂದು ಸುಮ್ಮನೆ ಇಡಬಾರದು.

ಇದನ್ನೂ ತಿಳಿಸಬೇಕು. ಯಂತ್ರ ಹತ್ತು ವರ್ಷ ಬಾಳುತ್ತದೆ, ಹಾಕಿಸಿಕೊಂಡ ಮುದುಕರು ಎರಡೇ ವರ್ಷಕ್ಕೆ ತೀರಿಕೊಂಡರೆ ಉಳಿದ ಎಂಟು ವರ್ಷದ ಬ್ಯಾಟರಿ ಏನಾಗಬೇಕು? ತಯಾರಕರು ಒಂದೇ ಸಲದ ಬಳಕೆಗೆಂದು ಚೀಟಿ ಹಚ್ಚಿರುತ್ತಾರೆ. ಅಮೆರಿಕೆಯ ಅಂತ್ಯಕ್ರಿಯೆಯ ಸಂಸ್ಥೆಗಳು ಮೃತರ ಕುಟುಂಬದ ಒಪ್ಪಿಗೆಯಿಂದ ಕೊಟ್ಟ ಯಂತ್ರಗಳಲ್ಲಿ ಬ್ಯಾಟರಿ ಚೆನ್ನಾಗಿದ್ದವನ್ನು ಆರಿಸಿ, ಶುದ್ಧಗೊಳಿಸಿ, ನಮ್ಮದೇ ಮುಂಬಯಿಯ ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ ೫೩ ಬಡ ರೋಗಿಗಳಿಗೆ ಹಾಕಿದರು. ೨೦೧೨ರಲ್ಲಿ ಅಚ್ಚಾದ ವರದಿಯ ಹೊತ್ತಿಗೆ ಅವರೆಲ್ಲರೂ ಬದುಕಿದ್ದರು, ಯಂತ್ರಗಳೂ ಸರಿಯಾಗಿ ನಡೆಯುತ್ತಿದ್ದವು. ಕೆನಡಾದಿಂದ ಮೆಕ್ಸಿಕೋ ಮುಂತಾದ ದೇಶಗಳಿಗೆ ಹೋದ ಇಂಥ ಯಂತ್ರಗಳ ಮೇಲೆ ೨೦೨೦ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ೧,೦೫೧ ಮಂದಿಯಲ್ಲಿ ಎರಡು ವರ್ಷದೊಳಗೆ ನಂಜಾದವರು ನೂರಕ್ಕೆ ೨.೦. ಹೊಸದನ್ನು ಹಾಕಿಸಿಕೊಂಡ ೩,೧೫೩ ಮಂದಿಯಲ್ಲಿ ನೂರಕ್ಕೆ ೧.೨. ಈ ಅಂತರ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಲ್ಲವೆಂದು ಅಧ್ಯಯನಕಾರರ ಮತ. ಹೊಸದು ಕೈಗೆಟುಕುವವರಿಗೆ ಹೊಸದೇ ಲೇಸು. ಎಟುಕದವನ ಮುಂದಿರುವ ಆಯ್ಕೆ ಹೊಸದು-ಹಳೆಯದರದಲ್ಲ, ಹಳೆಯದು ಅಥವಾ ಏನೂ ಇಲ್ಲ. ಅಂಥವನಿಗೆ ಬೇಡವೆನ್ನುವ ಅಧಿಕಾರ ನಮಗೆ ಯಾರಿಗೂ ಇದೆಯೆಂದು ತೋರುವುದಿಲ್ಲ. ಆದರೆ ಇದು ಒಪ್ಪಿಗೆ ಪಡೆದು, ಬರೆದಿಟ್ಟು, ಆಸ್ಪತ್ರೆಯೇ ಹೊಣೆ ಹೊತ್ತು ಮಾಡುವ ಕೆಲಸ. ಗುಟ್ಟಾಗಿ ಅಗ್ಗಕ್ಕೆ ಕೊಡುತ್ತೇವೆನ್ನುವ ದಲ್ಲಾಳಿಯ ನೆರಳಿಗೂ ಹೋಗಬಾರದು.

ಕೊನೆಗೆ, ಸಭೆಯಲ್ಲಿ ಆಡಲು ಅಶುಭವೆನಿಸಿದರೂ ಆಡಲೇಬೇಕಾದ ಮಾತು. ಯಂತ್ರವಿದ್ದವರು ತೀರಿಕೊಂಡರೆ ದಹನಕ್ಕೆ ಮೊದಲು ಅದನ್ನು ತೆಗೆಸಬೇಕು. ಬೆಂಕಿಯಲ್ಲಿ ಆ ಬೆಸೆದ ಡಬ್ಬಿ ಸಿಡಿಯುತ್ತದೆ, ವಿದ್ಯುತ್ ಚಿತಾಗಾರದ ಕೆಲಸಗಾರರಿಗೆ ಪೆಟ್ಟಾಗಬಹುದು. ಚರ್ಮದ ಕೆಳಗೇ ಇರುವುದರಿಂದ ತೆಗೆಯುವುದು ಕೆಲವೇ ನಿಮಿಷದ ಕೆಲಸ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅಲ್ಲಿಯೇ ಹೇಳಬೇಕು, ಮನೆಯಲ್ಲಾದರೆ ಮರಣಪತ್ರ ಬರೆಯಲು ಬಂದ ವೈದ್ಯರಿಗೆ ತಿಳಿಸಬೇಕು. ಮನೆಯವರು ಆ ಹೊತ್ತಿನಲ್ಲಿ ನೆನಪಿಟ್ಟು ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಕೋಣೆಯ ಜೊತೆಗಾರರಾದ ನಾವೇ ಹೇಳಬೇಕು.